ಹೆಲ್ಮೆಟ್ಟಿನೊಳಗಿನ ಗಾಳಿ

ಆ ಹೆಡ್‌ಸೆಟ್ಟು ಹೆಲ್ಮೆಟ್ಟಿನ ಒಳಗೆ ಕೂರುವಂಥದ್ದು. ಎರಡು ಕಿವಿಗೆ ಬಿಲ್ಲೆಯಂಥ ಸ್ಪೀಕರು, ಬಾಯಿಯ ಮುಂದಕ್ಕೆ ಬಾಗಿದ ತಂತಿಯ ತುದಿಯಲ್ಲಿ ಮೈಕು, ಹೊರಗೆ ಎಡಗಡೆ ಗುಂಡಿಯಿರುವ ಒಂದು ಸಣ್ಣ ಪೆಟ್ಟಿಗೆ. ಫೋನು ಬಂದರೆ ಗುಂಡಿ ಒತ್ತಿದರಾಯಿತು, ಬೈಕು ನಿಲ್ಲಿಸಬೇಕಾಗಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯ ಹೊಲಗಳಲ್ಲಿ ಕಂಪನಿಯವರು ಬೀಜಕ್ಕೆಂದು ಬೆಳೆಸುವ ಮೆಣಸಿನಕಾಯಿ, ಟೊಮೆಟೊ, ಹತ್ತಿ ನೋಡಿಕೊಂಡು ಬರುವುದು ನನ್ನ ಕೆಲಸ. ಹೆಂಗಸರು ಒಂದೊಂದೇ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ, ಗುರುತಿಗೆ ದಾರ ಕಟ್ಟುತ್ತಾರೆ. ಅದು ಸರಿಯಾಗಿದೆಯೇ ಎಂದು ನಾನು ನೋಡುತ್ತೇನೆ. ಉಳಿದ ಹೊತ್ತೆಲ್ಲ ಬೈಕಿನ ಮೇಲೆ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರೂ ಈಗ ಉಳಿದಿಲ್ಲ. ಕುಷ್ಟಗಿಯಲ್ಲಿ ಒಂದು ಬಾಡಿಗೆ ಕೋಣೆ.

ಗಂಗಾವತಿಯಲ್ಲಿ ಅಕ್ಕ. ಗಂಡ ತೀರಿಕೊಂಡ ಮೇಲೆ ಅವಳೂ ಒಬ್ಬಳೇ. ಮನೆಯ ಮಾಳಿಗೆಯ ಮೇಲೆ ಒಂದು ಕೋಣೆ ಖಾಲಿ ಇತ್ತು.

ನನ್ನ ನೆನಪಿನಲ್ಲಿ ಇದು ಹೀಗಿದೆ. ಸಂಜೆ, ತಾವರಗೇರಾದಿಂದ ಕುಷ್ಟಗಿಗೆ ತಿರುಗಿ ಬರುತ್ತಿದ್ದೆ. ಎಡಕ್ಕೆ ಸೂರ್ಯಕಾಂತಿಯ ಹೊಲ. ಅಕ್ಕನ ಫೋನು ಬಂತು.

"ಮ್ಯಾಲಿನ ಖೋಲಿ ಖಾಲಿನ ಬಿದ್ದೈತಿ. ಬಂದು ಇಲ್ಲೇ ಇರ್ತಿಯೇನು?"

"ಆತಕ್ಕಾ, ಬರ್ತೀನಿ," ಎಂದೆ.

ಅಷ್ಟರಲ್ಲೇ ಫೋನು ಕಟ್ಟಾಯಿತು.

ಸೂರ್ಯಕಾಂತಿಯ ಬಗ್ಗೆ ನನಗೆ ಗುಮಾನಿಯಿದೆ. ಆ ತಿಂಗಳಲ್ಲಿ ಅಲ್ಲಿ ಸೂರ್ಯಕಾಂತಿ ಇರಲಿಕ್ಕಿಲ್ಲ. ಎಲ್ಲೋ ಕಂಡ ಹಳದಿಯನ್ನು ತಂದು ಅಲ್ಲಿ ಹಚ್ಚಿದ್ದೇನೆ. ಆದರೆ ಮಾತು ನಿಜವೆಂದೇ ಅಂದುಕೊಂಡಿದ್ದೆ.

ಯಾವಾಗ ಬರಬೇಕು ಎಂದು ಅವಳು ಹೇಳಲಿ ಅಂತ ಕಾದೆ. ನಾನೇ ಕೇಳಬಹುದಿತ್ತು. ನಮ್ಮ ಮನೆಯಲ್ಲಿ ಹಾಗೆ ಕೇಳುವ ರೂಢಿಯಿಲ್ಲ. ಅಕ್ಕನ ಮನೆಯಲ್ಲಿ ಜಾಗ ಕೇಳುವುದೆಂದರೆ ತಟ್ಟೆ ಹಿಡಿದುಕೊಂಡು ಹೋದಂತೆ ಎಂದು ನಮ್ಮಪ್ಪ ನಮಗೆ ಮಾತಿನಲ್ಲಿ ಹೇಳದೆಯೇ ಕಲಿಸಿದ್ದ. ಕೆಲವು ವಾರ ಬಿಟ್ಟು ಗಂಗಾವತಿಗೆ ಹೋದಾಗ ಮೆಟ್ಟಿಲ ಬಳಿ ಯಾರದೋ ಚಪ್ಪಲಿಗಳು, ಮೂರು ಗಾಲಿಯ ಸಣ್ಣ ಸೈಕಲ್ಲು.

"ಬಾಡಿಗಿಗೆ ಕೊಟ್ಟೆಪಾ," ಎಂದಳು ಅಕ್ಕ. "ಕಾರಟಗಿ ಮಿಲ್ಲಿನ್ಯಾಗ ಲೆಕ್ಕ ಬರೀತಾನ. ಛಲೋ ಮಂದಿ."

"ಛಲೋ ಆತು," ಎಂದೆ.

ತಿರುಗಿ ಬರುವಾಗ ದಾರಿಯುದ್ದಕ್ಕೂ ಅದೇ ಯೋಚನೆ. ಒಂದೋ ಹೆಡ್‌ಸೆಟ್ಟು ನನ್ನ ಮಾತನ್ನು ಅವಳಿಗೆ ಮುಟ್ಟಿಸಲಿಲ್ಲ. ಇಲ್ಲವೇ ಅವಳು ಕೇಳಿಸಿಕೊಂಡು ಮನಸ್ಸು ಬದಲಿಸಿದಳು. ಇಲ್ಲವೇ ನಾನು ಆ ಮಾತು ಆಡಲೇ ಇಲ್ಲ. ಎರಡನೆಯದನ್ನು ಅವಳ ಬಳಿ ಕೇಳಲು ಬಾಯಿ ಬರಲಿಲ್ಲ. ಮೂರನೆಯದನ್ನು ಯಾರ ಬಳಿ ಕೇಳುವುದೋ ಗೊತ್ತಿರಲಿಲ್ಲ. ಮೊದಲನೆಯದನ್ನು ಮಾತ್ರ ಬಿಚ್ಚಿ ನೋಡಬಹುದಿತ್ತು.

ಕುಷ್ಟಗಿಯ ಬಸ್ ನಿಲ್ದಾಣದ ಹತ್ತಿರ ಒಂದು ಮೊಬೈಲ್ ಅಂಗಡಿಯಿದೆ. ಅಂಗಡಿಯವನು ಹೆಲ್ಮೆಟ್ಟನ್ನು ಕಲ್ಲಂಗಡಿಯಂತೆ ಬಡಿದು ನೋಡಿದ.

"ಬ್ಲೂಟೂತ್ ಪೇರಿಂಗ್ ತಗದು ಮತ್ತ ಮಾಡ್ರಿ ಸರ. ಹಳೇ ಫೋನಿಂದು ಏನರೆ ಇದ್ರ ಅದನ್ನೂ ಡಿಲೀಟ್ ಮಾಡ್ರಿ. ಫೋನು ಯಾವ ಕಿಸೆದಾಗ ಇಡ್ತೀರಿ?"

"ಬಲಗಡಿ ಪ್ಯಾಂಟಿನ ಕಿಸೆದಾಗ."

"ಪೆಟ್ಟಿಗಿ ಎಡಗಡಿ ಐತಿ, ಫೋನು ಬಲಗಡಿ. ನಡುವ ನೀವು ಅದೀರಿ. ನಿಮ್ಮ ಮೈ ದಾಟಿ ಬರಬೇಕಲ್ರಿ ಸಿಗ್ನಲ್ಲು. ಎಡಗಡಿ ಅಂಗಿ ಕಿಸೆದಾಗ ಇಟಗೋರಿ."

ಹೇಳಿದ್ದನ್ನೆಲ್ಲ ಮಾಡಿದೆ. ಅಂಗಡಿಯ ಮುಂದೆ ನಿಂತು ಮಾತನಾಡಿದರೆ ಎಲ್ಲ ಸರಿಯಾಗಿತ್ತು.

"ಬರೋಬ್ಬರಿ ಐತಲ್ರಿ!"

"ಗಾಡಿ ಓಡಸುವಾಗ ಹೆಂಗ ಅಂತ ಗೊತ್ತಾಗಬೇಕು."

"ಓಡಸುವಾಗ ಯಾಕ ಮಾತಾಡ್ತೀರಿ? ಮನಿಗೆ ಹೋದ ಮ್ಯಾಲ ಮನಿಯವ್ರು ಸಿಕ್ಕೇ ಸಿಗ್ತಾರಲ್ಲ," ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಅವನನ್ನೇ ಕೇಳಿಕೊಂಡೆ: ನಾನು ಓಡಿಸುತ್ತ ಫೋನು ಮಾಡುತ್ತೇನೆ, ನೀನು ಸುಮ್ಮನೆ ಕೇಳಿಸಿಕೋ. ಒಪ್ಪಿದ. ಊರು ದಾಟುವ ಮೊದಲೇ ಆ ಕಡೆಯಿಂದ, "ಸರ್ರ, ಗಿರಾಕಿ ಬಂದಾರ, ನಿಮ್ಮದೊಂದ ಕೆಲಸ ಅಲ್ರಿ ನನಗ," ಎಂದು ಇಟ್ಟುಬಿಟ್ಟ.

ಸ್ಪೀಕರನ್ನು ಪರೀಕ್ಷಿಸಲು ಒಬ್ಬನೇ ಸಾಕು, ಹಾಡು ಹಚ್ಚಿದರಾಯಿತು. ಮೈಕಿಗೆ ಆ ಕಡೆ ಒಬ್ಬರು ಬೇಕು. ರಸ್ತೆಯ ಬದಿಗೆ ನಿಂತು ಫೋನಿನಲ್ಲಿದ್ದ ಹೆಸರುಗಳನ್ನು ಸರಿಸುತ್ತ ಹೋದೆ. ರೈತರು, ಗೊಬ್ಬರದಂಗಡಿ, ಕೊಪ್ಪಳದ ಆಫೀಸು, ಪಂಕ್ಚರ್ ಹಾಕುವವನು. ಎಲ್ಲರಿಗೂ ಫೋನು ಮಾಡಲು ಒಂದೊಂದು ಕೆಲಸವಿತ್ತು. ಕೆಲಸವಿಲ್ಲದೆ ಫೋನು ಮಾಡಿ, ನನ್ನ ದನಿ ಕೇಳಿಸುತ್ತದೆಯೇ ಎಂದು ಕೇಳಬಹುದಾದವರು ಒಬ್ಬರೂ ಇರಲಿಲ್ಲ.

ಕೊನೆಗೆ ನನ್ನ ದನಿಯನ್ನು ನಾನೇ ಕೇಳುವುದೆಂದು ನಿಶ್ಚಯಿಸಿದೆ. ಹೆಡ್‌ಸೆಟ್ಟಿನ ಮೈಕಿನಿಂದಲೇ ರೆಕಾರ್ಡು ಮಾಡುವ ಆಪು ಸಿಕ್ಕಿತು. ಯಲಬುರ್ಗಾ ರಸ್ತೆಗೆ ಬಿದ್ದು ಮಾತನಾಡತೊಡಗಿದೆ. ಏನು ಮಾತನಾಡುವುದು? ಹಲೋ ಹಲೋ ಎಂದೆ. ಎದುರಿಗೆ ಬಂದ ಊರಿನ ಹೆಸರು ಹೇಳಿದೆ. ಮಗ್ಗಿ ಹೇಳಿದೆ. ಎಲ್ಲ ಮುಗಿದ ಮೇಲೆ, ಯಾವುದಕ್ಕೆಂದು ಬಂದಿದ್ದೆನೋ ಅದನ್ನೇ ಹೇಳಿದೆ. ಎರಡನೇ ಗೇರಿನಲ್ಲಿ, ಆತಕ್ಕಾ ಬರ್ತೀನಿ. ಮೂರನೇ ಗೇರಿನಲ್ಲಿ, ಆತಕ್ಕಾ ಬರ್ತೀನಿ. ನಾಲ್ಕರಲ್ಲಿ ಕೂಗಿಯೇ ಹೇಳಿದೆ. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ತಿರುಗಿ, ನನ್ನ ಹಿಂದೆ ಯಾರಾದರೂ ಕೂತಿದ್ದಾರೆಯೇ ಎಂದು ನೋಡಿದ.

ಕೋಣೆಗೆ ಬಂದು ಕೇಳಿದೆ. ಎರಡನೇ ಗೇರಿನಲ್ಲಿ ದನಿ ನನ್ನದೇ, ನಾನು ಅಂದುಕೊಂಡದ್ದಕ್ಕಿಂತ ಮುದಿಯಾಗಿತ್ತು. ಮೂರರಲ್ಲಿ ಅರ್ಧ ಮಾತು. ನಾಲ್ಕರಲ್ಲಿ ಬರೀ ಗಾಳಿ, ಹಂಡೆಯೊಳಗೆ ಮೊರೆದಂತೆ. ನನಗೆ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಅಕ್ಕ ಮನಸ್ಸು ಬದಲಿಸಿರಲಿಲ್ಲ, ಅವಳಿಗೆ ಕೇಳಿಸಿರಲಿಲ್ಲ, ಅಷ್ಟೆ. ಆದರೆ ಒಂದು ತೊಡಕೂ ಆಗಿತ್ತು. ಆ ಮಾತನ್ನು ಬೈಕಿನ ಮೇಲೆ ಕೂತು ಎಷ್ಟು ಸಲ ಹೇಳಿದ್ದೆನೆಂದರೆ, ಇನ್ನು ಮೇಲೆ ಅವತ್ತಿನದನ್ನು ಇವುಗಳಿಂದ ಬೇರೆ ಮಾಡಿ ನೆನೆಯುವುದು ಸಾಧ್ಯವಿರಲಿಲ್ಲ.

ಮೈಕಿನ ಮೇಲಿನ ಸ್ಪಂಜಿನ ಟೊಪ್ಪಿಗೆ ಯಾವಾಗಲೋ ಉದುರಿಹೋಗಿತ್ತು. ಅದೇ ಕಾರಣ. ಹೊಲದಿಂದ ಹತ್ತಿ ತಂದು ಸುತ್ತಿದೆ. ಗಾಳಿ ನಿಂತಿತು, ದನಿಯೂ ಹೊದ್ದ ಕೌದಿಯೊಳಗಿಂದ ಬಂದಂತೆ ಬಂತು. ಆಮೇಲೆ ಜಾಲಿಯ ಬೇಲಿಯಲ್ಲಿ, ಕುರಿಗಳು ನುಸುಳಿಹೋದ ಕಡೆ, ಮುಳ್ಳಿಗೆ ಸಿಕ್ಕಿದ್ದ ಉಣ್ಣೆ ಕಂಡಿತು. ಬಿಡಿಸಿ ತಂದು, ತೊಳೆದು, ಒಣಗಿಸಿ ಮೈಕಿಗೆ ಸುತ್ತಿ, ಹೂವಿಗೆ ಕಟ್ಟುವ ದಾರದಿಂದ ಬಿಗಿದೆ. ನಾಲ್ಕನೇ ಗೇರಿನಲ್ಲೂ ಮಾತು ಉಳಿಯಿತು. ಉಸಿರು ತಾಕಿ ಉಣ್ಣೆ ತೇವವಾದರೆ ಹೆಲ್ಮೆಟ್ಟಿನೊಳಗೆ ಕುರಿಹಟ್ಟಿಯ ವಾಸನೆ. ಇರಲಿ ಎಂದುಕೊಂಡೆ.

ತಾವರಗೇರಾದಲ್ಲಿ ಕೆಲಸ ಬಿದ್ದ ದಿನ, ಅದೇ ರಸ್ತೆಯಲ್ಲಿ ಓಡಿಸುತ್ತಲೇ ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ, ನನ್ನ ದನಿ ಕೇಳ್ತೈತೇನು?"

"ಕೇಳ್ಲಾರ್ದ ಏನು? ಓಣಿಗೆಲ್ಲಾ ಕೇಳ್ತೈತಿ. ಯಾಕ ಒದರ್ತಿ?"

"ಗಾಡಿ ಮ್ಯಾಲ ಅದೀನಿ. ಗಾಳಿ ಸಪ್ಪಳ ಬರ್ತೈತೇನು?"

"ಯಾವ ಗಾಳಿ? ಏನಾಗೇತಿ ನಿನಗ?"

ಸರಿಯಾಗಿದೆ ಎಂದು ಖಾತ್ರಿಯಾಯಿತು. ಅಷ್ಟು ದಿನದಿಂದ ಸಿದ್ಧ ಮಾಡಿಕೊಂಡದ್ದನ್ನು ಒಂದೇ ಉಸಿರಿಗೆ ಹೇಳಿದೆ. "ಅವತ್ತು ಮ್ಯಾಲಿನ ಖೋಲಿಗೆ ಬರ್ತಿಯೇನು ಅಂತ ಫೋನಿನ್ಯಾಗ ಕೇಳಿದ್ದಿ ನೋಡು, ನಾ ಬರ್ತೀನಿ ಅಂದಿದ್ದೆ ಅಕ್ಕಾ. ಮೈಕ್ ಕೆಟ್ಟಿತ್ತು. ನಿನಗ ಕೇಳಿಸಿಲ್ಲ."

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಫೋನಿನ್ಯಾಗ ಎಲ್ಲಿ ಕೇಳಿದ್ನೋ? ಇಂಥಾ ಮಾತು ಯಾರರೆ ಫೋನಿನ್ಯಾಗ ಕೇಳ್ತಾರೇನು? ನೀ ಉಣ್ಣಾಕ ಕುಂತಾಗ ಕೇಳಿದ್ದೆ. ಎಣಗಾಯಿ ಪಲ್ಯ ಮಾಡಿದ್ದೆ. ನೀ ಇನ್ನೊಂದು ರೊಟ್ಟಿ ಹಾಕಿಸ್ಕೊಂಡಿ, ಉಂಡಿ, ಕೈ ತೊಳಕೊಂಡಿ. ಗಾಡಿ ಒರಸಾಕ ಒಂದು ಹಳೇ ಅರಿವಿ ಕೊಡು ಅಂದಿ. ಕೊಟ್ಟೆ. ಹೋದಿ."

ಬೈಕನ್ನು ಬದಿಗೆ ತಂದು ನಿಲ್ಲಿಸಿದೆ.

"ಮತ್ತ ಫೋನಿನ್ಯಾಗ ಏನ್ ಕೇಳಿದ್ದಿ?"

"ನನಗೇನು ಗೊತ್ತೋ. ಗ್ಯಾಸ್ ಬುಕ್ ಮಾಡಾಕ ಬರ್ತೈತೇನು ಅಂದಿರಬೇಕು."

ಆ ಊಟವನ್ನು ಹುಡುಕಿದೆ. ಎಣಗಾಯಿ ಇಲ್ಲ, ರೊಟ್ಟಿ ಇಲ್ಲ, ನೀರಿನ ತಂಬಿಗೆಯೂ ಇಲ್ಲ. ಬೈಕಿನ ಡಬ್ಬಿಯಲ್ಲಿ ಅವಳ ಹಳೆಯ ಸೀರೆಯ ಹರಿದ ತುಂಡೊಂದು ಮಾತ್ರ ಇತ್ತು. ಅದು ಯಾವಾಗ ಬಂತೆಂದು ನಾನು ಎಂದೂ ಯೋಚಿಸಿರಲಿಲ್ಲ. ಹಾಗಾದರೆ ಗ್ಯಾಸಿಗೆ ನಾನು ಬರ್ತೈತಿ ಎಂದದ್ದೇ ನೆನಪಿನಲ್ಲಿ ಬರ್ತೀನಿ ಆಯಿತೋ? ಅಥವಾ ಅವಳೂ ಬೇರೆ ಯಾವುದೋ ದಿನದ ಊಟವನ್ನು ತಂದು ಈ ಪ್ರಶ್ನೆಯ ಕೆಳಗೆ ಇಟ್ಟಿದ್ದಾಳೋ? ಇರಬಹುದು. ಆದರೆ ಉತ್ತರಕ್ಕೆ ಕಾದು ನಿಂತಿದ್ದವಳು ಅವಳು.

"ನಾ ತಿಳಕೊಂಡೆ, ಇವಗ ಮನಸಿಲ್ಲ ಅಂತ," ಎಂದಳು.

"ಮನಸಿತ್ತು."

"ಈಗ ಹೇಳ್ತಿಯಲ್ಲೋ, ಹುಚ್ಚಾ! ಬಾಡಿಗಿಯವ್ರು ಹುಡುಗನ್ನ ಇಲ್ಲೇ ಸಾಲಿಗೆ ಹಾಕ್ಯಾರ. ಹೆಂಗ ಎಬ್ಬಸ್ಲಿ?"

"ಬ್ಯಾಡ ಬ್ಯಾಡ. ಇರ್ಲಿ ಬಿಡು."

ಎಂಜಿನ್ನು ನಿಂತಿತ್ತು. ಅವಳ ಉಸಿರು ಎರಡೂ ಕಿವಿಯಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು, ಅಷ್ಟು ಹತ್ತಿರ ನಾವು ಚಿಕ್ಕವರಿದ್ದಾಗ ಒಂದೇ ಕೌದಿಯಲ್ಲಿ ಮಲಗಿದ್ದಾಗಲೂ ಕೇಳಿರಲಿಕ್ಕಿಲ್ಲ.

"ಐತ್ವಾರ ಬಾ, ಉಣ್ಣಾಕ," ಎಂದಳು. "ಜ್ವಾಳದ ರೊಟ್ಟಿ ಮಾಡ್ಲೋ, ಸಜ್ಜಿ ರೊಟ್ಟಿನೋ?"

"ಯಾವುದರೆ ಮಾಡು."

"ಯಾವುದರೆ ಅಂದ್ರ ಯಾವುದು? ಬಾಯಿ ಬಿಟ್ಟು ಹೇಳು."

"ಸಜ್ಜಿ," ಎಂದೆ.

"ಹ್ಞಾಂ," ಎಂದು ಫೋನು ಇಟ್ಟಳು. ನಾನು ಎಂಜಿನ್ನು ಚಾಲೂ ಮಾಡಿ ಕುಷ್ಟಗಿಯ ಕೋಣೆಯ ಕಡೆ ಬೈಕು ಬಿಟ್ಟೆ.