ತಡವಾಗಿ ಚಾಲೂ ಆಗುತ್ತಿದ್ದ ಲಾರಿ

ಹೋದ ತಿಂಗಳು ಜ್ವರ ಬಂದು ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಎರಡು ದಿನ ಮಲಗಿದ್ದೆ. ಸಲೈನ್ ಹಚ್ಚಲು ಬಂದ ನರ್ಸು ಕೊಳವೆಯನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಟಕ್ ಟಕ್ ಎಂದು ತಟ್ಟಿ, ಒಳಗಿದ್ದ ಗಾಳಿಗುಳ್ಳೆಯನ್ನು ಹೊರಗೆ ಕಳಿಸಿದಳು. ಆ ಗುಳ್ಳೆ ಮೆಲ್ಲಗೆ ಮೇಲೇರುವುದನ್ನು ನೋಡುತ್ತಿದ್ದಂತೆ ಹುನಗುಂದದ ಗ್ಯಾರೇಜ್ ಮೇಸ್ತ್ರಿ ನೆನಪಾದರು...

ನನ್ನ ಯಜಮಾನರಿಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಮೇಲೆ, ಇಳಕಲ್ಲಿನ ನಮ್ಮ ಕಲ್ಲು ಸಾಗಿಸುವ ಹಳೆಯ ಲಾರಿಯ ಉಸ್ತುವಾರಿ ನನ್ನ ಮೇಲೆ ಬಿತ್ತು. ಇಂಜಿನ್ನಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗುಳೇದಗುಡ್ಡದ ಡ್ರೈವರ್ ಒಬ್ಬ ಹನ್ನೊಂದು ವರ್ಷದಿಂದ ಅದನ್ನು ಓಡಿಸುತ್ತಿದ್ದ. ಅವನಿದ್ದಾನೆ ಎಂಬ ಧೈರ್ಯವೊಂದೇ ನನಗಿತ್ತು.

ಆ ವರ್ಷ ಲಾರಿ ಬೆಳಿಗ್ಗೆ ಚಾಲೂ ಆಗಲು ಸತಾಯಿಸತೊಡಗಿತು. ಸ್ಟಾರ್ಟರ್ ಜೋರಾಗಿಯೇ ತಿರುಗುತ್ತಿತ್ತು, ಇಂಜಿನ್ ಮಾತ್ರ ಹೊತ್ತುತ್ತಿರಲಿಲ್ಲ. ಅರ್ಧ ತಾಸು ಒದ್ದಾಡಿದ ಮೇಲೆ ಒಂದಿಷ್ಟು ಬಿಳಿ ಹೊಗೆ ಕಾರಿ ಏಳುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿದೆವು. ಏನೂ ಬದಲಾಗಲಿಲ್ಲ. ಕ್ವಾರಿಯವರು, ಹೊತ್ತಿಗೆ ಸರಿಯಾಗಿ ಬಾರದಿದ್ದರೆ ಬೇರೆ ಲಾರಿ ನೋಡುತ್ತೇವೆ ಎಂದರು. ಆಗ ಮೇಸ್ತ್ರಿಯನ್ನು ಕರೆಸಿದೆ.

ಅವರು ಅರವತ್ತು ದಾಟಿದವರು. ಬಡಕಲು ಮೈ, ಮಾತು ಕಡಿಮೆ. ಹುನಗುಂದದ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಗ್ಯಾರೇಜು. ಬಂದವರೇ ಇಂಜಿನ್ನಿನ ಹತ್ತಿರ ಬಗ್ಗಿ, ಡೀಸೆಲ್ ಫಿಲ್ಟರನ್ನು ಬಿಚ್ಚಿ ಮೂಸಿದರು. ಹುಬ್ಬು ಗಂಟಿಕ್ಕಿದರು.

"ಚಿಮಣಿ ಎಣ್ಣಿ ವಾಸನಿ ಬರಾಕತ್ತೈತಲ್ಲ ತಂಗೀ... ಯಾರರ ಡೀಸೆಲ್ಲಿನ್ಯಾಗ ಬೆರಸ್ಯಾರೇನೋ."

ಅದು ಅನುಮಾನ ಅಷ್ಟೇ, ತೀರ್ಪಲ್ಲ. ಆದರೆ ನಾನು ಅದನ್ನು ತೀರ್ಪು ಮಾಡಿಕೊಂಡೆ. ಫಿಲ್ಟರನ್ನು ಅವತ್ತು ಬೆಳಿಗ್ಗೆ ಸೀಮೆಎಣ್ಣೆಯಲ್ಲಿ ತೊಳೆದಿದ್ದೆ ಎಂದು ಡ್ರೈವರ್ ಹೇಳಿದ. ನಾನು ನಂಬಲಿಲ್ಲ. ಡೀಸೆಲ್ ಮಾರಿಕೊಂಡು ಸೀಮೆಎಣ್ಣೆ ಸುರಿಯುತ್ತಿದ್ದಾನೆ ಎಂದು ಓಣಿಗೆಲ್ಲ ಕೇಳುವಂತೆ ಬೈದೆ. ಅವನು ಕೀಲಿಯನ್ನು ಕಟ್ಟೆಯ ಮೇಲಿಟ್ಟು, "ಬರ್ತೇನ್ರಿ ಅಕ್ಕಾರ" ಎಂದು ಹೊರಟುಹೋದ.

ಸದ್ಯಕ್ಕೆಂದು ಬೇರೆ ಡ್ರೈವರ್ ಬಂದ. ಟಾಕಿ ತೊಳೆಸಿ ಹೊಸ ಡೀಸೆಲ್ ತುಂಬಿಸಿದೆ. ಲಾರಿ ಮತ್ತೆ ಅದೇ ಹಟ ಹಿಡಿಯಿತು. ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ. ಅವರು ಕೇಳಿದರು, "ದಿನಾ ಹಿಂಗ ಮಾಡತೈತೋ, ಒಮ್ಮೊಮ್ಮೆ ಬರೋಬ್ಬರಿ ಚಾಲೂ ಆಗತೈತೋ?"

ಮೊನ್ನೆ ಕಲ್ಲು ಇಳಿಸಲು ಮಹಾಕೂಟದಲ್ಲಿ ರಾತ್ರಿ ನಿಂತಾಗ, ಬೆಳಿಗ್ಗೆ ಒಂದೇ ಸಲಕ್ಕೆ ಎದ್ದಿತಂತೆ ಎಂದೆ.

"ಅಲ್ಲಿ ಲಾರಿ ಮೂತಿ ಯಾ ಕಡಿ ಇತ್ತು?"

"ಇಳಿಜಾರಿಗಿತ್ತಂತ್ರಿ."

"ನಿಮ್ಮ ಮನಿ ಮುಂದ?"

"ಏರಿಗೆ."

ಮರುದಿನ ಮೊದಲ ಬಸ್ಸಿಗೇ ಬಂದಿಳಿದರು. ಕೈಯಲ್ಲಿ ಒಂದು ಗೇಣಿನಷ್ಟು ಪಾರದರ್ಶಕ ಪ್ಲಾಸ್ಟಿಕ್ ಕೊಳವೆಯಿತ್ತು. ಟಾಕಿಯಿಂದ ಇಂಜಿನ್ನಿಗೆ ಡೀಸೆಲ್ ಬರುವ ದಾರಿಯಲ್ಲಿ ಅದನ್ನು ಸೇರಿಸಿ, ಕೀಲಿ ತಿರುಗಿಸಲು ಹೇಳಿ, ನನ್ನನ್ನು ಹತ್ತಿರ ಕರೆದರು. ಕೊಳವೆಯಲ್ಲಿ ಡೀಸೆಲ್ಲಿನ ಜೊತೆ ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು.

ಟಾಕಿಯ ಬಳಿಯ ರಬ್ಬರ್ ಪೈಪನ್ನು ಮಡಚಿ ತೋರಿಸಿದರು. ಕೂದಲೆಳೆಯಂಥ ಬಿರುಕು. "ಇದರಾಗಿಂದ ಎಣ್ಣಿ ಹೊರಗ ಬರೂದಿಲ್ಲ, ಗಾಳಿ ಒಳಗ ಹೋಗತೈತಿ. ಮೂತಿ ಮ್ಯಾಲ ಮಾಡಿ ನಿಲ್ಲಿಸಿದ್ರ ರಾತ್ರಿಯೆಲ್ಲಾ ಡೀಸೆಲ್ ಟಾಕಿಗೆ ಹೊಳ್ಳಿ ಹೋಗತೈತಿ. ಬೆಳಿಗ್ಗೆ ಇಂಜಿನ್ನಿಗೆ ಗಾಳಿನ ಗತಿ."

ಮೊಳದುದ್ದದ ಹೊಸ ಪೈಪು, ಎರಡು ಕ್ಲಿಪ್ಪು. ಲಾರಿಯನ್ನು ಏರಿಗೇ ಮೂತಿ ಮಾಡಿ ಮಧ್ಯಾಹ್ನದ ತನಕ ನಿಲ್ಲಿಸಿದರು. ಆಮೇಲೆ ಕೀಲಿ ತಿರುಗಿಸಿದರು. ಒಂದೇ ಸಲಕ್ಕೆ ಎದ್ದಿತು. ನಾನು ಹಿಗ್ಗಿದೆ. ಅವರು ಹಿಗ್ಗಲಿಲ್ಲ. ಇಂಜಿನ್ ಆರಿಸಲೂ ಇಲ್ಲ.

"ಹತ್ತು ತಂಗೀ. ಗುಳೇದಗುಡ್ಡಕ್ಕ ಹೋಗೂಣು."

"ಫೋನ್ ಮಾಡಿ ಹೇಳಿದ್ರಾತಲ್ರಿ?"

"ಬೈದಿದ್ದು ಫೋನಿನ್ಯಾಗೇನು?"

ಅವರೇ ಲಾರಿ ಓಡಿಸಿಕೊಂಡು, ಅಮೀನಗಡ ದಾಟಿ ಗುಳೇದಗುಡ್ಡ ಮುಟ್ಟಿಸಿದರು. ಹಳೆಯ ಡ್ರೈವರನ ಮನೆ ಸಣ್ಣ ಓಣಿಯಲ್ಲಿತ್ತು. ಒಳಗೆ ಅವನ ಹೆಂಡತಿ ಕುಪ್ಪಸದ ಖಣ ನೇಯುತ್ತಿದ್ದಳು, ಅವನು ಪಕ್ಕದಲ್ಲಿ ಕುಳಿತು ನೂಲು ಸುತ್ತುತ್ತಿದ್ದ. ನಮ್ಮನ್ನು ನೋಡಿ ಆಕೆ ಮಗ್ಗ ನಿಲ್ಲಿಸಿದಳು. ಮೇಸ್ತ್ರಿ ಒಳಗೆ ಹೋಗಲಿಲ್ಲ. ಹೊಸ್ತಿಲಿನ ಹೊರಗೆ ಚಪ್ಪಲಿ ಕಳಚಿ, ಅಕ್ಕಪಕ್ಕದವರಿಗೂ ಕೇಳುವ ಹಾಗೆ ಹೇಳಿದರು.

"ನಾ ಅಂದಿದ್ದು ತಪ್ಪು. ಪೈಪ್ ಒಡದಿತ್ತು. ನೀ ಏನೂ ಬೆರಸಿಲ್ಲ. ಮೂಗು ನಂಬಿ ಮಾತಾಡಿದೆ, ಸರಿಯಾಗಿ ನೋಡ್ಲಿಲ್ಲ."

ಡ್ರೈವರ್ ತಲೆ ತಗ್ಗಿಸಿ ನಿಂತ. ಅವನ ಹೆಂಡತಿಯೇ ಮಾತಾಡಿದಳು. "ಎಂಟು ದಿನಾ ಆತ್ರಿ, ಇವ್ರು ಹಗಲಿನ್ಯಾಗ ಹೊರಗ ಬಿದ್ದಿಲ್ಲ."

ಈಗ ನಾನು ಮಾತಾಡಬೇಕಿತ್ತು. ಮಗ್ಗದ ಮೇಲಿನ ಕೆಂಪು ನೂಲನ್ನು ನೋಡುತ್ತ ನಿಂತೆ. ಒಡತಿ ಎಂಬ ಬಿಗುಮಾನವೋ, ನಾಚಿಕೆಯೋ... ಇವತ್ತಿಗೂ ಗೊತ್ತಿಲ್ಲ. ಹೊರಡುವಾಗ ಮೇಸ್ತ್ರಿ ಡ್ರೈವರನ ಹೆಗಲ ಮೇಲೆ ಕೈಯಿಟ್ಟು ಏನೋ ಮೆಲ್ಲಗೆ ಹೇಳಿದ್ದು ಕಂಡಿತು. ಏನೆಂದು ಕೇಳಿಸಲಿಲ್ಲ.

ಮರುದಿನವೇ ಹಳೆಯ ಡ್ರೈವರ್ ಕೆಲಸಕ್ಕೆ ಮರಳಿ ಬಂದ. ಯಜಮಾನರು ತೀರಿಕೊಂಡು, ಲಾರಿ ಮಾರುವ ತನಕವೂ ಇದ್ದ. ಆ ವಿಷಯ ನಾವು ಒಮ್ಮೆಯೂ ಎತ್ತಲಿಲ್ಲ. ಮೇಸ್ತ್ರಿ ಹೋಗಿ ನಾಲ್ಕು ವರ್ಷವಾಯಿತು. ನನಗೆ ಸುದ್ದಿ ಮುಟ್ಟಿದಾಗ ದಿನಕರ್ಮಗಳೂ ಮುಗಿದಿದ್ದವು.

ಜ್ವರ ಬಿಟ್ಟ ಮೇಲೆ, ಹೋದ ವಾರ ಗುಳೇದಗುಡ್ಡಕ್ಕೆ ಹೋದೆ. ಡ್ರೈವರನ ತಲೆ ಪೂರ್ತಿ ಬೆಳ್ಳಗಾಗಿದೆ. ಕುಳಿತುಕೊಳ್ಳುವ ಮೊದಲೇ ಹೇಳಿಬಿಟ್ಟೆ, "ಅವತ್ತು ಮೇಸ್ತ್ರಿಯವರದಷ್ಟ ತಪ್ಪಲ್ಲಪ್ಪಾ, ನಂದ ಜಾಸ್ತಿ ಇತ್ತು. ನಾ ಹೇಳ್ಲಿಲ್ಲ."

ಅವನು ನನ್ನ ಮುಖ ನೋಡಿ ನಕ್ಕ.

"ಅವತ್ತು ಹೋಗೂ ಮುಂದ ಮೇಸ್ತ್ರಿ ನನಗೊಂದು ಮಾತು ಹೇಳಿದ್ರು ಅಕ್ಕಾರ. 'ಆಕಿನೂ ಹೇಳ್ತಾಳ, ತಡಾ ಆಗತೈತಿ ಅಷ್ಟ. ನೀ ಸಿಟ್ಟಿಗೇಳಬ್ಯಾಡ' ಅಂತ."

ಅವನ ಹೆಂಡತಿ ಚಹಾ ತಂದಳು. ಮೂವರೂ ಕುಡಿದೆವು. ವಾಪಸು ಬರುವಾಗ ಬಸ್ಸು ಹುನಗುಂದದಲ್ಲಿ ಹತ್ತು ನಿಮಿಷ ನಿಂತಿತು. ಇಳಿದು ಆ ತಗಡಿನ ಗ್ಯಾರೇಜಿಗೆ ಹೋಗಿ, 'ಹೇಳಿ ಬಂದೆ, ಮೇಸ್ತ್ರಿ' ಎನ್ನಬೇಕೆನಿಸಿತು. ಅಲ್ಲಿ ಈಗ ಯಾರಿಗೆ ಹೇಳುವುದು... ಕಿಟಕಿಯ ಪಕ್ಕ ಕುಳಿತೇ ಇದ್ದೆ.