ಎಡಕ್ಕೆ ಕೂತವರಿಗೆ ಕಾಣುವ ಎಲೆ

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ನಮ್ಮ ಮನೆಯೊಳಗೆ ಇಸ್ಪೀಟು ಬರುವಂತಿರಲಿಲ್ಲ. ಮದುವೆಮನೆಗಳಲ್ಲಿ ಅಪ್ಪ ಧಾರೆಯ ಹೊತ್ತಿಗೂ ಎಲೆ ಕೆಳಗಿಡದೆ ಕೂತಿರುತ್ತಿದ್ದುದನ್ನು ಅಮ್ಮ ಮರೆತಿರಲಿಲ್ಲ. ನಾನೋ, ಎದುರುಮನೆಯ ಬಸ್ ಕಂಡಕ್ಟರರ ಕೈಚಳಕಕ್ಕೆ ಮರುಳಾಗಿದ್ದೆ. ನೀವು ಆರಿಸಿದ ಎಲೆಯನ್ನು ಕಟ್ಟಿಗೆ ಸೇರಿಸಿ, ಕಲೆಸಿ, ಕೊನೆಗೆ ನಿಮ್ಮದೇ ಜೇಬಿನಿಂದ ತೆಗೆದುಕೊಡುತ್ತಿದ್ದರು.

"ನನಗೂ ಕಲಿಸಿ ಅಣ್ಣ" ಎಂದೆ.

"ಪುಕ್ಸಟ್ಟೆ ಯಾಕಪ್ಪ ಕಲಿಸ್ಲಿ?"

ಆ ಮಾತು ನನಗೆ ಹಿಡಿಸಿತು. ಪುಕ್ಕಟೆ ಕಲಿಸುವವರು ಅರ್ಧಕ್ಕೇ ಕೈಬಿಡುತ್ತಾರೆ. ಅವರ ಮನೆಯ ಪರವಾಗಿ ಸೀಮೆಎಣ್ಣೆ ಕ್ಯೂನಲ್ಲಿ ನಾನು ನಿಲ್ಲುವುದು, ಅವರು ಪಾಠ ಹೇಳುವುದು ಎಂದಾಯಿತು. ಅವರ ಹಳೆಯ ಕಟ್ಟೂ ನನಗೇ ಸೇರಬೇಕೆಂದು ಪಟ್ಟು ಹಿಡಿದೆ. ನೀವೂ ಏನಾದರೂ ಕಲಿಯಲು ಹೋದರೆ ಸಲಕರಣೆಯ ಮಾತನ್ನು ಮೊದಲ ದಿನವೇ ಮುಗಿಸಿಬಿಡಿ. ಆಮೇಲೆ ಯಾರೂ ಬಗ್ಗುವುದಿಲ್ಲ.

ಗುಟ್ಟು ಇಷ್ಟೆ: ಕಲೆಸುವ ನೆಪದಲ್ಲಿ ಆ ಎಲೆ ಬಲ ಅಂಗೈಯೊಳಗೆ ಬಂದು ಕೂರಬೇಕು, ಕೈ ಮಾತ್ರ ಖಾಲಿ ಕೈಯಂತೆ ಸಡಿಲವಾಗಿರಬೇಕು. ನನ್ನದು ಮರದ ಕೊರಡಿನಂತಿತ್ತು.

"ಟಿಕೆಟ್ ತಗೊಳ್ದೆ ಕೂತಿರೋನ ಮುಖ ನೋಡಿದೀಯಾ? ಹಂಗಿದೆ ಕಣೋ ನಿನ್ ಕೈ!"

ಗೋಡೆಗನ್ನಡಿಯ ಮುಂದೆ ಅಭ್ಯಾಸ ಮಾಡುವಾಗ ಒಂದು ದಿನ ಎಲೆಗಳು ನೆಲಕ್ಕೆ ಚೆಲ್ಲಿ ಅಮ್ಮನ ಕೈಗೆ ಸಿಕ್ಕಿಬಿದ್ದೆ. ಇದು ಜೂಜಲ್ಲ, ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದವರು ಕಾಫಿಗೆ ಎದ್ದಾಗ ಜನರೆದುರು ತೋರಿಸುವ ಆಟ ಎಂದು ಗೋಗರೆದೆ. ಚೌಕಾಸಿಯಲ್ಲಿ ಅಮ್ಮ ನನಗಿಂತ ಗಟ್ಟಿ.

"ಒಂದ್ಸಲ ಆಡು. ಜನ ನಕ್ಕು ಕಳಿಸಿದ್ರೆ ಕಟ್ಟು ಬಚ್ಚಲೊಲೆಗೆ. ಆಮೇಲೆ ಉಸಿರೆತ್ತಂಗಿಲ್ಲ."

ಒಪ್ಪಿಕೊಂಡೆ.

ಗಣೇಶನ ಹಬ್ಬದ ಸಂಜೆ ವೇದಿಕೆ ಹತ್ತಿದ ಮೇಲೆಯೇ ಎಡವಟ್ಟು ಗೊತ್ತಾಗಿದ್ದು. ಕನ್ನಡಿ ನನ್ನನ್ನು ಎದುರಿನಿಂದ ಮಾತ್ರ ನೋಡಿತ್ತು. ನಮ್ಮ ಬ್ಲಾಕಿನ ಜನ ಎದುರಿಗೆ ಮಾತ್ರ ಕೂರುವವರೇ? ಜಮಖಾನ ತುಂಬಿ, ಹೆಂಗಸರೆಲ್ಲ ವೇದಿಕೆಯ ಪಕ್ಕದಲ್ಲಿ, ನನ್ನ ಎಡಕ್ಕೇ ಚಾಪೆ ಹಾಸಿಕೊಂಡಿದ್ದರು. ಬಲ ಅಂಗೈ ನೇರ ಅವರ ಕಡೆಗೇ ತೆರೆದುಕೊಳ್ಳುತ್ತದೆ. ಮೊದಲ ಚಾಪೆಯಲ್ಲಿ ಅಮ್ಮ.

ವೇದಿಕೆಗೆ ಕರೆದ ಮೇಷ್ಟ್ರೊಬ್ಬರು ಒಂದು ಎಲೆ ಆರಿಸಿ ವಾಪಸು ಕೊಟ್ಟರು. ಕಲೆಸಿದೆ. ಎಲೆ ಅಂಗೈಗೆ ಬಂತು. ಓರೆಗಣ್ಣಲ್ಲಿ ನೋಡಿದರೆ ಅಮ್ಮನ ದೃಷ್ಟಿ ಸರಿಯಾಗಿ ಅದರ ಮೇಲೇ ನೆಟ್ಟಿತ್ತು. ಪಕ್ಕದಲ್ಲಿದ್ದ ನೆರೆಮನೆಯಾಕೆ ಅರ್ಧ ಎದ್ದೇಬಿಟ್ಟರು. "ಕೈಯಲ್ಲೇನೋ ಇದ್ದಂಗಿದೆಯಲ್ರೀ?"

ಅಮ್ಮ ಅವರ ಸೆರಗು ಹಿಡಿದು ಜಗ್ಗಿದಳು. "ಕೂತ್ಕೊಳ್ರೀ, ಹಿಂದಿನೋರಿಗೆ ಕಾಣ್ಸಲ್ಲ!"

ಅಷ್ಟರಲ್ಲಿ ನಾನು ಮೇಷ್ಟ್ರ ಜೇಬಿಗೆ ಕೈ ಹಾಕಿ ಅವರ ಎಲೆಯನ್ನು ಎತ್ತಿ ಹಿಡಿದಿದ್ದೆ. ಶಿಳ್ಳೆಯೋ ಶಿಳ್ಳೆ. ಜೇಬನ್ನು ಮತ್ತೆ ಮತ್ತೆ ತಡವಿಕೊಳ್ಳುತ್ತ ಮೇಷ್ಟ್ರು ಕೆಳಗಿಳಿದರು.

ಮನೆಗೆ ನಡೆದು ಬರುವಾಗ ಅಮ್ಮ ಹೊಗಳಲಿಲ್ಲ, ಬೈಯಲೂ ಇಲ್ಲ. ಗೇಟಿನ ಹತ್ತಿರ ಬಂದು, "ಹೆಬ್ಬೆಟ್ಟು ಮೇಲಕ್ಕೆ ನಿಲ್ಲಿಸ್ತೀಯ. ಇಳಿಸು. ಎಲೆ ಅಂಚು ಕಾಣುತ್ತೆ" ಎಂದಳು.

ಬರೀ ಕನ್ನಡಿ ನಂಬಿಕೊಂಡು ಯಾರೂ ವೇದಿಕೆ ಹತ್ತಬೇಡಿ. ಬದಿಗೊಬ್ಬರನ್ನು ಕೂರಿಸಿಕೊಳ್ಳಿ, ಅದೂ ದಾಕ್ಷಿಣ್ಯವಿಲ್ಲದವರನ್ನು. ಮರುದಿನದಿಂದ ಅಮ್ಮ ಸಂಜೆಯ ಅಕ್ಕಿ ಆರಿಸುವುದನ್ನು ನನ್ನ ಎಡಕ್ಕೇ ಇಟ್ಟುಕೊಂಡಳು. ಮೊರದಿಂದ ಓರೆಯಾಗಿ ನೋಡಿ, "ಕಾಣ್ತು" ಎನ್ನುತ್ತಿದ್ದಳು. ಮತ್ತೆ ಮಾಡುತ್ತಿದ್ದೆ. "ಕಾಣ್ತು."

ಹಾಗೇ ಒಂದು ಸಂಜೆ ಆ ಮಾತು ಬರಲೇ ಇಲ್ಲ. ತಿರುಗಿ ನೋಡಿದರೆ ಅಮ್ಮ ಮೊರ ಕೆಳಗಿಟ್ಟು ನನ್ನ ಎರಡೂ ಕೈ ನೋಡುತ್ತಿದ್ದಳು.

"ಅಯ್ಯೋ, ಎಲ್ಲಿಟ್ಯೋ?"