ಸುಭದ್ರಾ ಕಂಡ ಸುರುಳಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಕ್ಕು ಎದ್ದುಹೋಗುತ್ತಿದ್ದವನು ನಾನು. ನೀವೂ ನಕ್ಕರೆ ಬೇಸರವಿಲ್ಲ. ಆದರೆ ನನ್ನ ಹೆಂಡತಿ ಸುಭದ್ರಾ ಹೇಳಿದಾಗ ನಾನು ನಗಬಾರದಿತ್ತು.

ಅವಳಿಗೆ ಎರಡೂ ಕಣ್ಣು ಹೋಗಿದ್ದವು. ಆ ಕತ್ತಲೆಯಲ್ಲಿ ಏನೋ ಬೆಳಕು ಮೆಲ್ಲಗೆ ತಿರುಗುತ್ತದೆ ಎನ್ನುತ್ತಿದ್ದಳು. ಸೊಲ್ಲಾಪುರದ ನಮ್ಮ ಚಾದರದ ಅಂಗಡಿಗೆ ಬಂದ ಗಿರಾಕಿಗಳಿಗೂ ನಾನದನ್ನು ಚೇಷ್ಟೆಯಾಗಿ ಹೇಳುತ್ತಿದ್ದೆ. ಒಳಗೆ ಕುಳಿತು ಅವಳು ಕೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ, ನಾನು ನಂಬುವುದು.

ಒಂದು ಎಳ್ಳಮಾವಾಸ್ಯೆಗೆ ನಾಗಣಸೂರಿನ ಹೊಲಕ್ಕೆ ಹೋಗಿ, ಭೂತಾಯಿಗೆಂದು ಎಡೆಯ ಅನ್ನವನ್ನು ಸುತ್ತಲೂ ಚರಗ ಚೆಲ್ಲಿ, ಉಂಡು, ಕತ್ತಲಾಗುವವರೆಗೂ ಅಲ್ಲೇ ಉಳಿದೆವು. ಪುಣೆಯಲ್ಲಿ ಖಗೋಳ ಓದುತ್ತಿದ್ದ ಮೊಮ್ಮಗಳು ಪಲ್ಲವಿ, ಚಂದ್ರನಿಲ್ಲದ ದಿನವೆಂದು ದುರ್ಬೀನು ತಂದಿದ್ದಳು. ಅದಕ್ಕೆ ಜೋಡಿಸಿದ ಕ್ಯಾಮೆರಾ ಇನ್‌ಫ್ರಾರೆಡ್ ಬೆಳಕನ್ನು ಮಾತ್ರ ಹಿಡಿಯುತ್ತದಂತೆ. ಅದು ಕೆಂಪಿನ ಆಚೆಯ ಬೆಳಕು, ಯಾರ ಕಣ್ಣಿಗೂ ಕಾಣದು. ಒಂದು ಸುರುಳಿ ಗ್ಯಾಲಕ್ಸಿಯ ನಡುಭಾಗ ಧೂಳಿನಲ್ಲಿ ಮುಚ್ಚಿದೆ, ಈ ಬೆಳಕಿನಲ್ಲಿ ಅದು ಹೇಗಿದೆಯೋ ನೋಡಬೇಕೆಂದಳು. ಚಿತ್ರ ಮೂಡಲು ತಾಸು ಹೊತ್ತು ಬೇಕಿತ್ತು.

ಜೋಳದ ಮೇಲೆ ತಂಪು ಇಳಿಯುತ್ತಿತ್ತು. ನಕ್ಷತ್ರಗಳು ಎಷ್ಟು ಮಿನುಗುತ್ತಿದ್ದವೆಂದರೆ, ನಾವು ಯಾವುದೋ ಬಾವಿಯ ತಳದಲ್ಲಿ ಕುಳಿತು ನೀರಿನೊಳಗಿಂದ ಮೇಲೆ ನೋಡುತ್ತಿರುವಂತೆ ಅನ್ನಿಸಿತು. ಆಗ ಸುಭದ್ರಾ ಮುಖವೆತ್ತಿದಳು.

"ನಡುವ ಲಟ್ಟಣಿಗಿ ಇಟ್ಟಂಗ ಉದ್ದಕ ಬೆಳಕದ, ಪಲ್ಲವಿ. ಅದರ ಎರಡೂ ತುದಿಲಿಂದ ಚರಗ ಚೆಲ್ಲಿದಂಗ ಸುತ್ತಿ ಹೋಗ್ಯಾದ. ಒಂದು ಸುತ್ತು ಅರ್ಧಕ್ಕ ನಿಂತಾದ."

"ಗಂಗಾಳದಾಗಿನ ಪಲ್ಲೆ ಕಾಣಂಗಿಲ್ಲ ನಿನಗ, ಆಕಾಶದಾಗ ಲಟ್ಟಣಿಗಿ ಕಾಣ್ತದೇನು?" ಎಂದು ನಾನು ನಕ್ಕೆ.

"ನಗ್ರಿ. ನಿಮಗ ಕಣ್ಣೂ ಅವ, ಹಲ್ಲೂ ಅವ," ಎಂದಳು.

ತಾಸಾದ ಮೇಲೆ ಪಲ್ಲವಿ ಲ್ಯಾಪ್‌ಟಾಪಿನ ಮುಂದೆ ಅಲುಗದೆ ಕುಳಿತಳು. ಪರದೆಯ ನಡುವೆ ಉದ್ದನೆಯ ಬೆಳಕಿನ ಪಟ್ಟಿ. ಅದರ ತುದಿಗಳಿಂದ ಎರಡು ಸುರುಳಿ ಹೊರಟಿದ್ದವು, ಒಂದು ಅರ್ಧಕ್ಕೇ ನಿಂತುಹೋಗಿತ್ತು.

"ಮುತ್ಯಾ, ಈ ಪಟ್ಟಿ ನಮ್ಮ ಪುಸ್ತಕದ ಫೋಟೋದಾಗ ಇಲ್ಲೇ ಇಲ್ಲ. ಆಯಿಗೆ ಯಾರು ಹೇಳಿದ್ರು?" ಎಂದು ಅಜ್ಜಿಯ ಕಡೆ ತಿರುಗಿದಳು.

ಆಮೇಲೂ ನಾನು ತಪ್ಪನ್ನೇ ಮಾಡಿದೆ. ಪಲ್ಲವಿ ಕಳಿಸಿದ ಬೇರೆ ಗ್ಯಾಲಕ್ಸಿಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆರೆದು, ಇದು ಹ್ಯಾಂಗದ ಹೇಳು ಎಂದು ಸುಭದ್ರಾಳ ಎದುರು ಕುಳಿತೆ. ಅವಳು ತಡವಿ ಮೊಬೈಲನ್ನು ಪಕ್ಕಕ್ಕೆ ಸರಿಸಿದಳು.

"ತಪಾಸ ಮಾಡಾಕತ್ತೀರೇನು? ನಾ ಬೇಡಿದ್ದು ಅದಲ್ಲರಿ."

ಮುಂದೆ ಅವಳು ಬೆಳಕಿನ ಮಾತನ್ನೇ ಎತ್ತಲಿಲ್ಲ. ಈಗ ಅವಳಿಲ್ಲ. ಕಾಕತಾಳೀಯ ಎನ್ನುತ್ತಾಳೆ ಪಲ್ಲವಿ, ಹಾಗೆನ್ನುವಾಗ ನನ್ನ ಮುಖ ನೋಡುವುದಿಲ್ಲ. ಸುಭದ್ರಾ ಏನು ಕಂಡಳು, ಹೇಗೆ ಕಂಡಳು, ನನಗೆ ಇಂದಿಗೂ ಬಗೆಹರಿದಿಲ್ಲ. ಅವಳು ಇರುವವರೆಗೂ ಅದು ಹೇಗೆ ಸಾಧ್ಯ ಎಂದೇ ಕೇಳುತ್ತಿದ್ದೆ. ನಂಬೀನಿ ಎಂದು ಒಮ್ಮೆಯೂ ಹೇಳಲಿಲ್ಲ.